ತಾತಾರರು ಯಾರು, ಮೊಘಲರು ಯಾರು?

ಪ್ರಶ್ನೆ: ಮಗಳ ಪಾಠದಲ್ಲಿ ಒಂದು ಕಡೆ ಮಂಗೋಲರು, ಇನ್ನೊಂದು ಕಡೆ ತಾತಾರರು ಎಂದಿದೆ. ಹಳೆಯ ಪುಸ್ತಕವೊಂದರಲ್ಲಿ ‘ತಾರ್ತಾರರು’. ಎಲ್ಲ ಒಂದೇ ಜನವೇ? ಮೊಘಲರೂ ಇವರೇನಾ? (ಬೇಲೂರಿನ ಓದುಗರು)

ಉತ್ತರ: ಒಂದೇ ಅಲ್ಲ. ಆದರೆ ಈ ಗೊಂದಲ ಪಠ್ಯಪುಸ್ತಕ ಬರೆದವರು ಹುಟ್ಟಿಸಿದ್ದಲ್ಲ, ಎಂಟು ನೂರು ವರ್ಷ ಹಳೆಯದು.

ತಾತಾರ ಎಂಬುದು ಮೊದಲಿಗೆ ಒಂದು ಬುಡಕಟ್ಟಿನ ಹೆಸರು. ಮಂಗೋಲಿಯದ ಓರ್ಖೋನ್ ಕಣಿವೆಯಲ್ಲಿರುವ 732ರ ಕುಲ್ ತೆಗಿನ್ ಶಾಸನದಲ್ಲೇ ‘ಮೂವತ್ತು ತಾತಾರರು’ ಬರುತ್ತಾರೆ. ಇವರು ಮಂಗೋಲರ ನೆರೆಯವರು, ಹಗೆಗಳು. ಮುಂದೆ ಚೆಂಗಿಸ್ ಖಾನ್ ಆದ ತೆಮುಜಿನ್‌ನ ತಂದೆ ಯೆಸುಗೈಗೆ ವಿಷ ಹಾಕಿದವರು ಇವರೇ ಎಂದು ಮಂಗೋಲರ ಹಳೆಯ ಚರಿತ್ರೆ ಹೇಳುತ್ತದೆ. 1202ರಲ್ಲಿ ತೆಮುಜಿನ್ ತಾತಾರರನ್ನು ಹೆಚ್ಚುಕಡಿಮೆ ನಿರ್ನಾಮ ಮಾಡಿದ. 1206ರಲ್ಲಿ ಓನೊನ್ ನದಿಯ ಬಳಿ ಕೂಡಿದ ಸಭೆಯಲ್ಲಿ ಚೆಂಗಿಸ್ ಖಾನ್ ಎನಿಸಿಕೊಂಡ ಮೇಲೆ, ಸೋತ ಬುಡಕಟ್ಟುಗಳಿಗೆಲ್ಲ ತನ್ನ ಚಿಕ್ಕ ಕುಲದ ‘ಮಂಗೋಲ’ ಎಂಬ ಹೆಸರನ್ನೇ ಹೊದಿಸಿದ. ಆ ಹೆಸರಿಗೆ ‘ಬಲವಿಲ್ಲದ, ಮುಗ್ಧ’ ಎಂಬ ಅರ್ಥ ಕೊಟ್ಟವನು ರಶೀದುದ್ದೀನ್, ಪರ್ಷಿಯವನ್ನಾಳಿದ ಮಂಗೋಲ ದೊರೆಗಳ ಮಂತ್ರಿ! ಯಜಮಾನರು ಸುಮ್ಮನಿದ್ದದ್ದೇ ಆಶ್ಚರ್ಯ.

ಹೊರಗಿನವರು ಮಾತ್ರ ಹಳೆಯ ಹೆಸರನ್ನು ಬಿಡಲಿಲ್ಲ. ಚೀನೀಯರು ಹುಲ್ಲುಗಾವಲಿನ ಅಲೆಮಾರಿಗಳನ್ನು ಆಗಲೇ ಸಾರಾಸಗಟಾಗಿ ತಾತಾರರೆನ್ನುತ್ತಿದ್ದರು; ರಷ್ಯನ್ನರೂ ಹಾಗೇ ಕರೆದರು. 1241ರಲ್ಲಿ ಪೋಲೆಂಡ್, ಹಂಗೇರಿಗಳ ಮೇಲೆ ದಾಳಿಯಾದಾಗ ಯುರೋಪಿನಲ್ಲಿ ನಡುವೆ ಒಂದು ‘ರ್’ ಸೇರಿಕೊಂಡಿತು. ಲ್ಯಾಟಿನ್‌ನಲ್ಲಿ ‘ತಾರ್ತರುಸ್’ ಎಂದರೆ ಪಾತಾಳ, ನರಕ. ಅಲ್ಲಿಂದ ಎದ್ದು ಬಂದವರು ಎಂಬ ಭಯ ಆ ಒಂದು ಅಕ್ಷರದಲ್ಲಿದೆ. 1245ರಲ್ಲಿ ಪೋಪ್ ಮಂಗೋಲರ ಬಳಿಗೆ ಕಳಿಸಿದ ಪಾದ್ರಿ ಕಾರ್ಪಿನಿ ತನ್ನ ವರದಿಯ ಹೆಸರಿನಲ್ಲೇ ‘ನಾವು ತಾರ್ತಾರರೆನ್ನುವ ಮಂಗೋಲರು’ ಎಂದು ಬರೆದ. ಕೆಲವೇ ವರ್ಷಗಳ ನಂತರ ಹೋದ ಇನ್ನೊಬ್ಬ ಪಾದ್ರಿ ರುಬ್ರುಕ್‌ನ ವಿಲಿಯಂ ಇನ್ನೂ ಸ್ಪಷ್ಟ: ಇವರಿಗೆ ಆ ಹೆಸರು ಇಷ್ಟವಿಲ್ಲ, ತಾತಾರರು ಬೇರೆಯೇ ಜನ ಎಂದ.

ಕರಾವಳಿಯವರು ಸಕಲೇಶಪುರ, ಮೂಡಿಗೆರೆಯವರನ್ನೂ ‘ಘಟ್ಟದವರು’ ಅನ್ನುತ್ತಾರೆ, ಬಯಲುಸೀಮೆಯ ಅರಸೀಕೆರೆಯವರನ್ನೂ ‘ಘಟ್ಟದವರು’ ಅನ್ನುತ್ತಾರೆ. ನಮ್ಮಲ್ಲಿ ಯಾರೂ ಊರು ಕೇಳಿದರೆ ಹಾಗೆ ಹೇಳಿಕೊಳ್ಳುವುದಿಲ್ಲ. ತಾತಾರ ಎಂಬುದೂ ಅಂಥದ್ದೇ, ದೂರದಿಂದ ಕೊಟ್ಟ ಹೆಸರು.

ಇಂದು ವೋಲ್ಗಾ ತೀರದ ಕಜಾನ್ ಸುತ್ತಲಿನ, ಕ್ರಿಮಿಯಾದ ತಾತಾರರು ಆಡುವುದು ತುರ್ಕಿ ವರ್ಗದ ಭಾಷೆಗಳನ್ನು. ಅವರನ್ನು ಮಂಗೋಲರೆಂದು ಬರೆದರೆ ತಪ್ಪಾಗುತ್ತದೆ. ಪುಸ್ತಕದಲ್ಲಿ ಈ ಪದ ಕಂಡಾಗ ಯಾವ ಶತಮಾನ, ಬರೆದವರು ಯಾರು ಎಂದು ಮೊದಲು ನೋಡಿ: 1202ಕ್ಕಿಂತ ಹಿಂದಿನ ಮಂಗೋಲಿಯದ ಮಾತಾದರೆ ಆ ಬುಡಕಟ್ಟು, 13ನೇ ಶತಮಾನದ ಯುರೋಪಿನವರ ಬರಹವಾದರೆ ಮಂಗೋಲರು, ಇಂದಿನ ಸುದ್ದಿಯಾದರೆ ತುರ್ಕಿ ಭಾಷಿಕರು.

‘ಮೊಘಲ’ ಎಂಬುದು ಮಂಗೋಲ ಪದದ ಪರ್ಷಿಯನ್ ಉಚ್ಚಾರ. ಬಾಬರ್ ತಾಯಿಯ ಕಡೆಯಿಂದ ಚೆಂಗಿಸ್ ವಂಶ, ತಂದೆಯ ಕಡೆಯಿಂದ ತೈಮೂರನ ವಂಶ. ಆಡುಮಾತು ತುರ್ಕಿ, ತನ್ನ ಆತ್ಮಕಥೆಯಲ್ಲಿ ಮೊಘಲರನ್ನು ಚೆನ್ನಾಗಿ ಬೈದುಕೊಂಡಿದ್ದಾನೆ. ಮನೆತನ ಹೇಳಿಕೊಳ್ಳುತ್ತಿದ್ದದ್ದು ‘ಗುರ್ಕಾನಿ’ ಎಂದು. ಅದು ‘ಅಳಿಯ’ ಎಂಬರ್ಥದ ಮಂಗೋಲ ಪದದಿಂದ ಬಂದದ್ದು: ತೈಮೂರ್ ಚೆಂಗಿಸ್ ವಂಶದ ಹೆಣ್ಣನ್ನು ತಂದು ಅಳಿಯನೆಂಬ ಪಟ್ಟ ಪಡೆದಿದ್ದ.

ಪ್ರಶ್ನೆ: ವೋಲ್ಗಾ ನದಿ ಹೆಪ್ಪುಗಟ್ಟದೆ ದಾಟಲಾಗದೆ ‘ಉಳಿದವರು’ ಎಂದು ಕಲ್ಮಿಕ್ ಜನರಿಗೆ ಆ ಹೆಸರು ಬಂತಂತೆ, ನಿಜವೇ? (ಚಿಕ್ಕಮಗಳೂರಿನ ಓದುಗರು)

ಉತ್ತರ: ಘಟನೆ ನಿಜ, ಹೆಸರಿನ ಕಾರಣ ಸುಳ್ಳು. ಕಲ್ಮಿಕರು ಓಯ್ರಾತ್ ಎಂಬ ಪಶ್ಚಿಮ ಮಂಗೋಲರು, 17ನೇ ಶತಮಾನದಲ್ಲಿ ವೋಲ್ಗಾ ಕಡೆಗೆ ಹೋದವರು. 1771ರ ಜನವರಿಯಲ್ಲಿ ಪೂರ್ವ ದಡದವರು ಉಬಾಶಿ ಖಾನನ ಹಿಂದೆ ತಾಯ್ನಾಡಿಗೆ ಹೊರಟರು. ಪಶ್ಚಿಮ ದಡದವರು ಅಲ್ಲೇ ಉಳಿದರು. ತುರ್ಕಿಯಲ್ಲಿ ‘ಕಲ್ಮಕ್’ ಎಂದರೆ ಉಳಿಯುವುದು, ಹಾಗಾಗಿ ಕಥೆ ಚೆನ್ನಾಗಿ ಕೂತಿತು. ಆದರೆ 15ನೇ ಶತಮಾನದ ಪರ್ಷಿಯನ್ ಬರಹಗಳಲ್ಲೇ ‘ಕಲ್ಮಾಕ್’ ಇದೆ. ಮಗು ಹುಟ್ಟುವ ಮುನ್ನೂರು ವರ್ಷ ಮೊದಲೇ ನಾಮಕರಣ ಆಗಲು ಹೇಗೆ ಸಾಧ್ಯ? ಇದೂ ನೆರೆಯವರಿಟ್ಟ ಹೆಸರೇ, ಆದರೆ ಇವರು ತಮ್ಮದಾಗಿಸಿಕೊಂಡಿದ್ದಾರೆ.

ಪ್ರಶ್ನೆ: ಅಫ್ಘಾನಿಸ್ತಾನದ ಹಜಾರಾ ಜನರ ಹೆಸರಿಗೂ ‘ಸಾವಿರ’ಕ್ಕೂ ಸಂಬಂಧವಿದೆಯೇ? (ಹಾಸನದ ಓದುಗರು)

ಉತ್ತರ: ಇದೆ. ಮಂಗೋಲ ಸೇನೆ 10, 100, 1000, 10000ರ ತುಕಡಿಗಳಲ್ಲಿ ನಿಂತಿತ್ತು. ಸಾವಿರದ ತುಕಡಿ ‘ಮಿಂಗನ್’. ಪರ್ಷಿಯನ್‌ನಲ್ಲಿ ಅದೇ ‘ಹಜಾರ’. ತುಕಡಿಯ ಹೆಸರು ಕ್ರಮೇಣ ಜನರ ಹೆಸರಾಯಿತು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಹಾಸನ ಸೇರಿದ್ದ ಗಂಗವಾಡಿ ತೊಂಬತ್ತಾರು ಸಾಸಿರವನ್ನು ನೆನೆಯಿರಿ. ಅಲ್ಲೂ ಸಂಖ್ಯೆ ಹೆಸರಿಗೆ ಅಂಟಿಕೊಂಡಿದೆ, ಅದು ಜನಗಣತಿಯ ಲೆಕ್ಕವಲ್ಲ. ಇನ್ನೊಂದು ಮಾತು: ಪರ್ಷಿಯನ್ ‘ಹಜಾರ’, ಸಂಸ್ಕೃತದ ‘ಸಹಸ್ರ’ ಒಂದೇ ಮೂಲದ ದಾಯಾದಿಗಳು, ನಮ್ಮ ಸಾಸಿರ, ಸಾವಿರ ಬಂದದ್ದು ಸಹಸ್ರದಿಂದ.