ತಾತನ ಟ್ರಂಕಲ್ಲಿ ಸಿಕ್ಕ ಮೆಡಲ್‌ಗಳು: ಬೆಲೆ ಎಷ್ಟು, ಮಾರೋದು ಹೇಗೆ?

ಪ್ರಶ್ನೆ: ನಮ್ಮ ತಾತ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಇದ್ದವರು. ಅವರು ತೀರ್ಕೊಂಡ್ಮೇಲೆ ಟ್ರಂಕ್ ತೆಗೆದ್ರೆ ನಾಲ್ಕೈದು ಮೆಡಲ್, ಪೇ ಬುಕ್ (ಸೈನಿಕರ ಸಂಬಳದ ಪುಸ್ತಕ), ಒಂದಷ್ಟು ಕಾಗದ, ಒಂದು ಕತ್ತಿ, ಜಪಾನಿ ಬರಹ ತುಂಬಿರೋ ಒಂದು ಬಾವುಟ ಸಿಕ್ತು. ಆನ್‌ಲೈನಲ್ಲಿ ಒಬ್ಬೊಬ್ರು ಒಂದೊಂದು ರೇಟ್ ಹೇಳ್ತಾರೆ. ನಿಜವಾದ ಬೆಲೆ ತಿಳ್ಕೊಳ್ಳೋದು ಹೇಗೆ? ಮಾರೋದು ತಪ್ಪಾ?

ಉತ್ತರ: ಮಾರೋದು ತಪ್ಪೇನಲ್ಲ, ಆದ್ರೆ ಯಾವುದನ್ನೂ ತೊಳೀಬೇಡಿ, ಉಜ್ಜಬೇಡಿ, ಪಾಲಿಶ್ ಅಂತೂ ಹಾಕ್ಲೇಬೇಡಿ. ಹಳೇ ಬಣ್ಣ, ಮಾಸಿದ ರಿಬ್ಬನ್, ಇವೆಲ್ಲ ಅಸಲಿ ಅನ್ನೋದಕ್ಕೆ ಸಾಕ್ಷಿ, ಅದನ್ನ ಅಳಿಸಿದ್ರೆ ಬೆಲೆನೂ ಅದರ ಜೊತೆಗೇ ಹೋಗತ್ತೆ.

ಮೊದ್ಲು ಮೆಡಲ್‌ಗಳ ಅಂಚು, ಹಿಂಬದಿ ಲೆನ್ಸ್ ಹಿಡಿದು ನೋಡಿ. ಆ ಯುದ್ಧದ 1939-45 ಸ್ಟಾರ್, ಬರ್ಮಾ ಸ್ಟಾರ್, ವಾರ್ ಮೆಡಲ್ ಇವನ್ನೆಲ್ಲ ಬ್ರಿಟಿಷ್ ಸೈನಿಕರಿಗೆ ಹೆಸರು ಕೆತ್ತದೇ ಕೊಟ್ರು, ಭಾರತ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದವರಿಗೆ ಕೊಟ್ಟಿದ್ರಲ್ಲಿ ನಂಬರು, ಹೆಸರು ಇರತ್ತೆ. ಹೆಸರಿದ್ರೆ ಇದು ತಾತಂದೇ ಅಂತ ಮೆಡಲ್ಲೇ ಹೇಳತ್ತೆ, ಇಲ್ದಿದ್ರೆ ಆ ಪೇ ಬುಕ್ಕು, ಕಾಗದಗಳೇ ಹೇಳ್ಬೇಕು, ಅದಕ್ಕೇ ಟ್ರಂಕಲ್ಲಿರೋದನ್ನ ಬೇರೆ ಬೇರೆ ಮಾಡಿ ಮಾರ್ಬೇಡಿ, ಒಟ್ಟಿಗೇ ಇದ್ರೆನೇ ತೂಕ. ಇನ್ನೊಂದು, ಸ್ವಲ್ಪ ಬೇಜಾರಾಗ್ಬಹುದು: ಇಂಥ ಮೆಡಲ್‌ಗಳನ್ನ ಲಕ್ಷಗಟ್ಟಲೆ ಜನಕ್ಕೆ ಕೊಟ್ಟಿದ್ದಾರೆ, ಅದೃಷ್ಟ ಖುಲಾಯಿಸ್ತು ಅನ್ಕೋಬೇಡಿ. 'ಮಿಲಿಟರಿ ಮೆಡಲ್' ಅನ್ನೋ ಹೆಸರಿನ ಪದಕದ ಥರ ಶೌರ್ಯಕ್ಕೆ ಕೊಟ್ಟಿದ್ದು ಇದ್ರೆ ಮಾತು ಬೇರೆ, ಅಂಥವು ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆ ಲಂಡನ್ ಗೆಜೆಟ್‌ನಲ್ಲಿ ಪ್ರಕಟ ಆಗ್ತಿದ್ವು, ಹಳೇ ಸಂಚಿಕೆಗಳನ್ನ ಆನ್‌ಲೈನಲ್ಲಿ ಫ್ರೀಯಾಗಿ ಹುಡುಕ್ಬಹುದು.

ರೇಟ್ ವಿಷಯಕ್ಕೆ ಬಂದ್ರೆ, ಜನ ಕೇಳ್ತಿರೋ ಬೆಲೆ ನೋಡ್ಬೇಡಿ, ಕೇಳೋದಕ್ಕೇನು ಎಷ್ಟು ಬೇಕಾದ್ರೂ ಕೇಳ್ತಾರೆ. ಸೈನ್ಯದ ಮೆಡಲ್‌ಗಳನ್ನ ಹರಾಜು ಹಾಕೋ ಸಂಸ್ಥೆಗಳು ಹಿಂದೆ ಯಾವುದು ಎಷ್ಟಕ್ಕೆ ಹೋಯ್ತು ಅಂತ ಹಾಕಿರ್ತಾರೆ, ನಿಮ್ಮ ಥರದ್ದೇ ಸೆಟ್ ಹುಡುಕಿ ನೋಡಿ, ಅದ್ರಲ್ಲಿ ಕಮಿಷನ್ ಕಳೆದು ಉಳಿಯೋದು ನಿಮ್ಮದು. ಇನ್ಶೂರೆನ್ಸ್‌ಗೆ ಬರೆದುಕೊಡೋ ಬೆಲೆ ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿ ಇರತ್ತೆ, ಅದನ್ನ ನಂಬ್ಕೊಂಡು ಕೂರ್ಬೇಡಿ. ಬೆಲೆ ಕಟ್ಟಿದವನೇ "ನಾನೇ ತಗೋತೀನಿ, ಇವತ್ತೇ ಕ್ಯಾಶ್" ಅಂದ್ರೆ ಒಂದು ನಮಸ್ಕಾರ ಹಾಕಿ ಎದ್ದು ಬನ್ನಿ.

ಕತ್ತಿ ಜಪಾನಿದ್ದೇ ಆಗಿದ್ರೆ ಹಿಡಿ ಬಿಚ್ಚೋಕೆ ನೀವೇ ಕೈ ಹಾಕ್ಬೇಡಿ. ಹಿಡಿಯೊಳಗಿರೋ ಭಾಗದಲ್ಲಿ ಕಮ್ಮಾರನ ಸಹಿ ಇರ್ಬಹುದು, ಅಲ್ಲಿನ ತುಕ್ಕು ನೋಡಿನೇ ಎಷ್ಟು ಹಳೇದು ಅಂತ ಅಂದಾಜು ಮಾಡ್ತಾರೆ. ಯುದ್ಧಕಾಲದಲ್ಲಿ ಫ್ಯಾಕ್ಟರಿಲಿ ಮಾಡಿದ್ದಾದ್ರೆ ಸಾಧಾರಣ ಬೆಲೆ, ಯಾವುದೋ ಮನೆತನದ ಹಳೇ ಅಲಗಿಗೆ ಸೈನ್ಯದ ಹಿಡಿ ಹಾಕಿದ್ರೆ ಅದು ಬೇರೆನೇ ಲೆಕ್ಕ. ಮಾರೋ ಮುಂಚೆ ನಿಮ್ಮಲ್ಲಿ ಆಯುಧದ ಕಾನೂನು ಏನು ಹೇಳತ್ತೆ ನೋಡ್ಕೊಳ್ಳಿ.

ಬಾವುಟದ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಖಡಕ್. ಯುದ್ಧಕ್ಕೆ ಹೊರಟ ಜಪಾನಿ ಹುಡುಗನಿಗೆ ಮನೆಯವರು, ಸ್ನೇಹಿತರು ಬಾವುಟದ ಕೆಂಪು ವೃತ್ತದ ಸುತ್ತ ಹೆಸರು, ಹಾರೈಕೆ ಬರೆದು ಕೊಡ್ತಿದ್ರು, ಅದನ್ನ ಯೊಸೆಗಾಕಿ ಹಿನೊಮಾರು ಅಂತಾರೆ. ಕೊಳ್ಳೋರು ಬೇಕಾದಷ್ಟು ಜನ ಇದ್ದಾರೆ ನಿಜ, ಆದ್ರೆ ಆ ಹುಡುಗ ವಾಪಸ್ ಬರದೇ ಇದ್ದಿದ್ರೆ ಅವನ ಮನೆಯವರಿಗೆ ಸಿಗೋ ಗುರುತು ಇದೊಂದೇ ಇರ್ಬಹುದು. ಅಮೆರಿಕದ ಓಬಾನ್ ಸೊಸೈಟಿ ಅನ್ನೋ ಸಂಸ್ಥೆ ಕುಟುಂಬ ಹುಡುಕಿ ತಲುಪಿಸೋ ಕೆಲಸ ಮಾಡತ್ತೆ. ಅದನ್ನ ಹರಾಜಿಗೆ ಹಾಕ್ಬೇಡಿ, ಅವರಿಗೆ ಬರೀರಿ.

ಉಳಿದಿದ್ದಕ್ಕೆ, ಅಣ್ಣತಮ್ಮ, ಅಕ್ಕತಂಗೀರು, ಚಿಕ್ಕಪ್ಪಂದಿರು ಎಲ್ಲರ ಒಪ್ಪಿಗೆ ಬರವಣಿಗೆಲಿ ತಗೊಳ್ಳಿ, ಆಮೇಲಿನ ಜಗಳ ಮೆಡಲ್‌ಗಿಂತ ದುಬಾರಿ. ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿಟ್ಕೊಳ್ಳಿ. ಮ್ಯೂಸಿಯಂಗೆ ಕೊಡೋ ಮನಸ್ಸಿದ್ರೆ ಪ್ರದರ್ಶನಕ್ಕಿಡ್ತಾರಾ, ಗೋಡೌನಲ್ಲಿಡ್ತಾರಾ ಅಂತ ಮೊದ್ಲೇ ಕೇಳಿ. ಹಾಂ, ಟ್ರಂಕ್ ತಳದಲ್ಲಿ ಗ್ರೆನೇಡ್, ಶೆಲ್ ಥರದ್ದೇನಾದ್ರೂ ಕಂಡ್ರೆ ಮುಟ್ಬೇಡಿ, ಫೋಟೋ ತೆಗೆಯೋಕೂ ಹತ್ರ ಹೋಗ್ಬೇಡಿ, ಎಲ್ಲರೂ ಹೊರಗೆ ಬಂದು ಪೊಲೀಸರಿಗೆ ಫೋನ್ ಮಾಡಿ.