ಹೂಡಿಕೆದಾರರಿಗೆ 20% ಪಾಲು ಕೊಟ್ಟರೆ, ಕಂಪನಿ ಮಾರಿದಾಗ ನಮಗೆ 80% ಸಿಗುತ್ತಾ?

ಸಿಕ್ಕೇ ಸಿಗುತ್ತದೆ ಅಂತಿಲ್ಲ. ಟರ್ಮ್ ಶೀಟ್‌ನಲ್ಲಿ (ಹೂಡಿಕೆಯ ಮುಖ್ಯ ಷರತ್ತುಗಳ ಪಟ್ಟಿ) ‘ಲಿಕ್ವಿಡೇಶನ್ ಪ್ರಿಫರೆನ್ಸ್’ ಅನ್ನೋ ಷರತ್ತು ಹುಡುಕಿ. ಮಾರಿದ ದುಡ್ಡು ಮೊದಲು ಯಾರ ಕೈಗೆ ಅನ್ನೋದು ಅಲ್ಲಿರುತ್ತದೆ.

5 ಕೋಟಿ ತಗೊಂಡು 20% ಕೊಟ್ಟಿದ್ದೀರಿ, ಷರತ್ತು ಒಂದು ಪಟ್ಟು, ಅಂದರೆ ಹಾಕಿದಷ್ಟು ದುಡ್ಡು ಮೊದಲು ಅವರಿಗೆ ವಾಪಸ್, ಅಂದುಕೊಳ್ಳಿ. ಸಾಲಗೀಲ ಏನೂ ಇಲ್ಲ. ಕಂಪನಿ 8 ಕೋಟಿಗೆ ಹೋಯಿತು. ಅವರು ಮೊದಲು ತಮ್ಮ 5 ಕೋಟಿ ಎತ್ತಿಕೊಳ್ಳುತ್ತಾರೆ, ನಿಮಗೆ ಉಳಿಯೋದು 3. ಷರತ್ತು ‘ಪಾರ್ಟಿಸಿಪೇಟಿಂಗ್’ ಆಗಿದ್ದರೆ ಆ 3ರಲ್ಲೂ 20% ಅವರದ್ದೇ, ನಿಮಗೆ 2.4 ಕೋಟಿ ಮಾತ್ರ. 50 ಕೋಟಿಗೆ ಮಾರಿದರೆ, ಪಾರ್ಟಿಸಿಪೇಟಿಂಗ್ ಇಲ್ಲದಿದ್ದಾಗ ಅವರು 5 ಕೋಟಿ ಬಿಟ್ಟು 20% ಪಾಲನ್ನೇ ತಗೊಳ್ಳುತ್ತಾರೆ, ನಿಮಗೆ 40 ಕೋಟಿ; ಅದಿದ್ದರೆ ನಿಮಗೆ 36. ಅಲ್ಲೂ ಇದೊಂದರಿಂದ ನಿಮಗೆ 4 ಕೋಟಿ ಕಮ್ಮಿ ಬರುತ್ತದೆ!

ಒಂದು ಪಟ್ಟು ಕೇಳೋದು ಮಾಮೂಲಿ, ಅದಕ್ಕೆ ಜಗಳ ಬೇಡ. ಪಾರ್ಟಿಸಿಪೇಟಿಂಗ್‌ಗೆ ಮಾತ್ರ ಸುಮ್ನೆ ಒಪ್ಪಬೇಡಿ. ಸಹಿಗೆ ಮುಂಚೆ ಬೇರೆ ಬೇರೆ ಬೆಲೆಗೆ ಯಾರಿಗೆಷ್ಟು ಅಂತ ಎಕ್ಸೆಲ್‌ನಲ್ಲಿ ಹಾಕಿ ನೋಡಿ, ವಕೀಲರಿಗೂ ತೋರಿಸಿ.