ಓಸ್ಟರ್‌ಸ್ಖೆಲ್ಡೆಗೆ ಗೋಡೆ ಬದಲು ಗೇಟ್ ಯಾಕೆ?

ನೆದರ್ಲೆಂಡ್ಸ್‌ನ ಝೇಲಾಂಡ್‌ನಲ್ಲಿ ಓಸ್ಟರ್‌ಸ್ಖೆಲ್ಡೆ ಅನ್ನೋ ಸಮುದ್ರದ ಹಿನ್ನೀರಿನ ಬಾಯಿಗೆ ಗೋಡೆ ಕಟ್ಟಿ ಮುಗಿಸೋದು ಬಿಟ್ಟು ಇಷ್ಟೊಂದು ಗೇಟ್ ಯಾಕೆ ಅಂತ ಕೇಳಿದ್ದೀರಿ. ಮೊದಲ ಪ್ಲಾನ್ ಗೋಡೆಯದ್ದೇ, ಅದಕ್ಕೆ ಕಾರಣ ಒಂದು ಪ್ರವಾಹ. 1953ರ ಜನವರಿ 31ರ ಶನಿವಾರ ರಾತ್ರಿ ವಾಯವ್ಯದ ಬಿರುಗಾಳಿ, ದೊಡ್ಡ ಉಬ್ಬರ ಎರಡೂ ಒಟ್ಟಿಗೆ ಬಂದು ಏರಿಗಳು ಒಡೆದವು. ರಾತ್ರಿ ರೇಡಿಯೋ ಬಂದ್ ಆಗುತ್ತಿದ್ದ ಕಾಲ, ಮಲಗಿದ್ದವರಿಗೆ ಸುದ್ದಿಯೇ ಮುಟ್ಟಲಿಲ್ಲ, ದೇಶದಲ್ಲಿ 1,836 ಜನ ಸತ್ತರು. ಔವರ್‌ಕೆರ್ಕ್ ಊರಿನ ಹತ್ತಿರ ಏರಿಯ ಕೊನೆಯ ಕಂಡಿ ಮುಚ್ಚಿದ್ದು ನವೆಂಬರ್‌ನಲ್ಲಿ, ನಾಲ್ಕು ದೈತ್ಯ ಕಾಂಕ್ರೀಟ್ ಪೆಟ್ಟಿಗೆ ಮುಳುಗಿಸಿ. ಈಗ ಆ ಪೆಟ್ಟಿಗೆಗಳ ಒಳಗೇ ಪ್ರವಾಹದ ಮ್ಯೂಸಿಯಂ ಇದೆ, ಆ ಕಡೆ ಹೋದರೆ ಬಿಡಬೇಡಿ.

ಆದ್ರೆ ಓಸ್ಟರ್‌ಸ್ಖೆಲ್ಡೆಯನ್ನ ಗೋಡೆ ಕಟ್ಟಿ ಪೂರ್ತಿ ಮುಚ್ಚಿದರೆ ಉಪ್ಪುನೀರಿನ ಉಬ್ಬರವಿಳಿತ ನಿಲ್ಲುತ್ತದೆ, ಅಲ್ವಾ? ದಡದ ಯೆರ್ಸೆಕೆ ಊರಿನ ಸಿಂಪಿ, ಮಸ್ಸೆಲ್ ಚಿಪ್ಪಿನ ಕಸುಬಿನ ಕತೆ ಮುಗಿದಂತೆ. ಮೀನುಗಾರರು, ಪರಿಸರದವರು 1970ರ ದಶಕದಲ್ಲಿ ಜೋರಾಗಿ ವಿರೋಧಿಸಿದರು, ಸರ್ಕಾರ ಮಣಿಯಿತು. 1986ರಲ್ಲಿ 62 ಉಕ್ಕಿನ ಗೇಟ್‌ಗಳ ತಡೆ ಉದ್ಘಾಟನೆ ಆಯಿತು. ಸಾಮಾನ್ಯ ದಿನ ಅವು ತೆರೆದೇ ಇರುತ್ತವೆ, ನೀರು ಸಮುದ್ರಮಟ್ಟಕ್ಕಿಂತ 3 ಮೀಟರ್ ಮೇಲೇರುವ ಮುನ್ಸೂಚನೆ ಇದ್ದರೆ ಇಳಿಸುತ್ತಾರೆ. ಖರ್ಚು ಜಾಸ್ತಿ ಆಯ್ತು ನಿಜ, ನನ್ನ ಪ್ರಕಾರ ದಂಡವಲ್ಲ.

ಪಕ್ಕದ ವೆಸ್ಟರ್‌ಸ್ಖೆಲ್ಡೆಗೆ ಮಾತ್ರ ಯಾವ ತಡೆಯೂ ಇಲ್ಲ, ಬೆಲ್ಜಿಯಂನ ಆಂಟ್‌ವರ್ಪ್ ಬಂದರಿಗೆ ಹಡಗು ಹೋಗುವ ದಾರಿ ಅದೇ. ಅಲ್ಲಿ ದಡದ ಏರಿಗಳನ್ನೇ ಎತ್ತರಿಸಿದರು.